ಹಳೆಯ ಫರ್ಸಿಯ ಮೇಲೆ ಟೈಲ್ಸ್: ಕೆಲಸವನ್ನು ಯಾರಿಗೆ, ಯಾವ ಕರಾರಿನ ಮೇಲೆ ಒಪ್ಪಿಸಬೇಕು?

ಪ್ರಶ್ನೆ: ಶರಣು ಸರ್. ಕಲಬುರಗಿಯ ಆಳಂದ ರಸ್ತೆಯ ಕಡೆ ಇರುವ ನಮ್ಮ ಹಳೆಯ ಮನೆಗೆ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ, ಹಾಸಿದೆ. ಅದನ್ನು ಕೀಳದೆ, ಮೇಲೆಯೇ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಹಾಕಿಸಬೇಕೆಂದಿದ್ದೇವೆ. ನೆಲ ಸುಮಾರು 900 ಚದರ ಅಡಿ ಇದೆ. ಬಚ್ಚಲಿಗೂ ಹೊಸ ಟೈಲ್ಸ್ ಆಗಬೇಕು. ಒಬ್ಬ ಗುತ್ತೇದಾರರು ಕೂಲಿಯೆಂದು ಚದರ ಅಡಿಗೆ 22 ರೂಪಾಯಿ ಹೇಳಿದ್ದಾರೆ, ಇನ್ನೊಬ್ಬರು 35 ಎನ್ನುತ್ತಾರೆ. ಕಡಿಮೆ ಹೇಳಿದವರಿಗೆ ಕೊಡಬಹುದೇ? ಎಷ್ಟು ಬಾಕ್ಸ್ ತರಿಸಬೇಕು?

ಉತ್ತರ: ಶರಣು ಅಕ್ಕನವರೇ. ಯಾವ ದರದಲ್ಲಿ ಏನೇನು ಸೇರಿದೆ ಎಂಬುದು ತಿಳಿಯುವವರೆಗೆ ಈ ಎರಡು ದರಗಳನ್ನು ಹೋಲಿಸಲು ಬರುವುದಿಲ್ಲ. ಗೋಡೆಯ ಬುಡದ ಪಟ್ಟಿಗೆ, ಅಂದರೆ ಸ್ಕರ್ಟಿಂಗ್‌ಗೆ, ಬೇರೆ ಲೆಕ್ಕವೇ, ಜಾಯಿಂಟ್ ತುಂಬುವ ಕೂಲಿ ಒಳಗೇ ಬಂತೇ, ಹಳೆಯ ಸ್ಕರ್ಟಿಂಗ್ ಒಡೆದು ಚೂರುಗಳನ್ನು ಸಾಗಿಸುವವರು ಯಾರು, ಅಂಟು, ಸಿಮೆಂಟ್, ಉಸುಕು ಯಾರ ಖರ್ಚು, ಕತ್ತರಿಸುವ ಯಂತ್ರದ ಬ್ಲೇಡು ಯಾರದು ಎಂಬ ಪ್ರಶ್ನೆಗಳನ್ನು ಇಬ್ಬರಿಗೂ ಒಂದೇ ರೀತಿಯಲ್ಲಿ ಕೇಳಿ, ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರಿಂದಲೂ ಸಹಿ ಮಾಡಿಸಿಕೊಳ್ಳಿರಿ. ಅಷ್ಟಾದ ಮೇಲೆ 22 ರೂಪಾಯಿಯ ದರ ಎಷ್ಟೋ ಸಲ 35ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ದರಕ್ಕಿಂತಲೂ ಮುಖ್ಯವಾದದ್ದು ಅವರು ಹಿಂದೆ ಮಾಡಿದ ಕೆಲಸ. ಮೊಬೈಲಿನಲ್ಲಿ ತೋರಿಸುವ ಹೊಸ ನೆಲದ ಫೋಟೋಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒರೆಸಿದ ನೆಲ ಮೊದಲ ದಿನ ಎಲ್ಲಿಯಾದರೂ ಚೆನ್ನಾಗಿಯೇ ಕಾಣುತ್ತದೆ. ಕನಿಷ್ಠ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆದಿರುವ ಮನೆಯನ್ನು ತೋರಿಸಿರೆಂದು ಕೇಳಿ, ಅಲ್ಲಿಗೆ ಹೋದಾಗ ಒಂದು ನಾಣ್ಯದಿಂದ ಟೈಲ್ಸಿನ ನಾಲ್ಕು ಮೂಲೆಗಳನ್ನೂ ಮೆಲ್ಲಗೆ ತಟ್ಟಿ ನೋಡಿರಿ. ಗಟ್ಟಿಯಾಗಿ ಕೂತಿದ್ದರೆ ಮಂದ ಸದ್ದು ಬರುತ್ತದೆ, ಅಡಿಯಲ್ಲಿ ಪೊಳ್ಳಿದ್ದರೆ ಡಬಡಬ ಎನ್ನುತ್ತದೆ. ಮೂಲೆಗಳೇ ಪೊಳ್ಳಾಗಿದ್ದರೆ ಆ ಮೇಸ್ತ್ರಿ ಅಂಟನ್ನು ಐದು ಕಡೆ ಗುಡ್ಡೆ ಇಟ್ಟು ಒತ್ತಿದ್ದಾನೆಂದು ತಿಳಿಯಬೇಕು. ಹಲ್ಲಿನ ಕರಣೆಯಿಂದ ಅಂಟನ್ನು ಪೂರ್ತಿ ಎಳೆಯುವವರಿಗೆ ಮಾತ್ರ ನೆಲದ ಕೆಲಸ ಕೊಡಿರಿ. ಮತ್ತೊಂದು ಮಾತು: ಕೆಲಸ ಒಪ್ಪಿಕೊಳ್ಳುವ ಗುತ್ತೇದಾರರು ಒಬ್ಬರು, ಕರಣೆ ಹಿಡಿಯುವವರು ಇನ್ನೊಬ್ಬರು ಆಗಿರುವುದು ನಮ್ಮಲ್ಲಿ ಸಾಮಾನ್ಯ, ನೀವು ನೋಡಿ ಬಂದ ಮನೆಯ ಕೆಲಸ ಮಾಡಿದ ಮೇಸ್ತ್ರಿಯೇ ನಿಮ್ಮ ಮನೆಗೂ ಬರಬೇಕೆಂಬುದನ್ನು ಹಾಳೆಯಲ್ಲಿ ಸೇರಿಸಿರಿ.

ಫರ್ಸಿಯ ಮೇಲೆ ಟೈಲ್ಸ್ ಕೂರಿಸಬಹುದು, ಆದರೆ ಫರ್ಸಿಯೇ ಅಲುಗಾಡುತ್ತಿರಬಾರದು. ಅದನ್ನೂ ತಟ್ಟಿ ನೋಡಿ, ಪೊಳ್ಳಾದ ಕಲ್ಲುಗಳನ್ನು ಕಿತ್ತು ಗಾರೆ ತುಂಬಿಸಬೇಕು. ವರ್ಷಗಟ್ಟಲೆ ಎಣ್ಣೆ, ಮೇಣ ಕುಡಿದ ಮೇಲ್ಮೈಯನ್ನು ಉಜ್ಜಿ ಒರಟು ಮಾಡಬೇಕು. ಬರೀ ಸಿಮೆಂಟಿನ ಹಾಲು ಸುರಿದು ಕೂರಿಸುತ್ತೇನೆ ಎನ್ನುವವರಿಗೆ ಒಪ್ಪಬೇಡಿರಿ, ಏಕೆಂದರೆ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ಕ್ಕಿಂತಲೂ ಕಡಿಮೆ ನೀರು ಹೀರುವಂಥದ್ದಾಗಿರುವುದರಿಂದ ಸಿಮೆಂಟ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಪಾಲಿಮರ್ ಬೆರೆತ ಟೈಲ್ ಅಂಟು ಬೇಕು. ಚೀಲದ ಮೇಲೆ ಐಎಸ್ 15477 ಎಂಬ, ಟೈಲ್ ಅಂಟಿನ ಭಾರತೀಯ ಮಾನಕದ ಗುರುತನ್ನೂ, ಕಲ್ಲಿನ ಮೇಲೆ ವಿಟ್ರಿಫೈಡ್ ಕೂರಿಸಲು ಅದು ತಕ್ಕದ್ದೇ ಎಂಬುದನ್ನೂ ಓದಿ ನೋಡಿರಿ. ನೆಲ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಾಗುವುದರಿಂದ ಬಾಗಿಲುಗಳ ಅಡಿಯನ್ನು ಕೊರೆಯಬೇಕಾಗುತ್ತದೆ. ಬಡಿಗರ ಈ ಖರ್ಚು ಯಾರ ಅಂದಾಜಿನಲ್ಲಿಯೂ ಇರುವುದಿಲ್ಲ.

ಬಾಕ್ಸಿನ ಲೆಕ್ಕ ಸುಲಭ. ಎರಡಡಿ ಎನ್ನುವ ಟೈಲ್ಸ್ ನಿಜದಲ್ಲಿ 600 ಮಿ.ಮೀ. ಇರುತ್ತದೆ, ನಾಲ್ಕು ಟೈಲ್ಸಿನ ಬಾಕ್ಸ್ 16 ಅಲ್ಲ, 15.5 ಚದರ ಅಡಿಯನ್ನಷ್ಟೇ ಮುಚ್ಚುತ್ತದೆ. ಹೀಗಾಗಿ 900 ಚದರ ಅಡಿಗೆ 59 ಬಾಕ್ಸ್, ಒಡೆತ ಮತ್ತು ಕತ್ತರಿಕೆಗೆಂದು ಸೇರಿಸಿ 64 ತರಿಸಿರಿ, ಸ್ಕರ್ಟಿಂಗಿನದು ಬೇರೆ. ಎಲ್ಲ ಬಾಕ್ಸುಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇರಬೇಕು. ಗುಜರಾತಿನ ಮೋರ್ಬಿಯಿಂದ ಬರುವ ಒಂದೇ ಹೆಸರಿನ ಮಾಲು ಇನ್ನೊಂದು ಬ್ಯಾಚಿನಲ್ಲಿ ಬೇರೆ ಬಣ್ಣಕ್ಕೆ ತಿರುಗಿರುವುದು ಹಾಸಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಒಂದು ಬಾಕ್ಸನ್ನು ಮನೆಯಲ್ಲಿಯೇ ಉಳಿಸಿಕೊಳ್ಳಿರಿ.

ಪ್ರಶ್ನೆ: ಉಪಕಾರವಾಯಿತು ಸರ್. ನಮ್ಮ ಗುತ್ತೇದಾರರು ಟೈಲ್ಸುಗಳ ನಡುವೆ ಸಂದು ಬಿಡುವುದು ಬೇಡ, ಒಂದಕ್ಕೊಂದು ತಾಗಿಸಿ ಕೂರಿಸಿದರೆ ಅಂದವೆನ್ನುತ್ತಾರೆ. ಕೆಲಸವನ್ನು ಮೇ ತಿಂಗಳಲ್ಲಿಯೇ ಮುಗಿಸಬೇಕೆಂದೂ ಇದೆ. ಹಣವನ್ನು ಹೇಗೆ ಕೊಡಬೇಕು?

ಉತ್ತರ: ತಾಗಿಸಿ ಕೂರಿಸಲು ದಯವಿಟ್ಟು ಬಿಡಬೇಡಿರಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ನೆಲ ಹಿಗ್ಗುತ್ತದೆ, ಚಳಿಗಾಲದ ರಾತ್ರಿಗಳಲ್ಲಿ ಕುಗ್ಗುತ್ತದೆ. ಜಾಗವಿಲ್ಲದಿದ್ದರೆ ನಡುಮನೆಯಲ್ಲಿ ಎರಡು ಟೈಲ್ಸುಗಳು ಒಂದನ್ನೊಂದು ದೂಡಿಕೊಂಡು ಗುಡಿಸಲಿನ ಮಾಡಿನಂತೆ ಮೇಲೇಳುತ್ತವೆ. ನಡುವೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟು 2ರಿಂದ 3 ಮಿ.ಮೀ. ಸಂದು, ಗೋಡೆಯ ಬುಡದಲ್ಲಿ ಸ್ಕರ್ಟಿಂಗಿನಡಿ ಮುಚ್ಚಿಹೋಗುವಂತೆ 5 ಮಿ.ಮೀ.ಗೆ ಕಡಿಮೆಯಿಲ್ಲದ ಖಾಲಿ ಜಾಗ ಬೇಕು. ಆ ಖಾಲಿ ಜಾಗಕ್ಕೆ ಗಾರೆ ತುಂಬಿದರೆ ಬಿಟ್ಟೂ ವ್ಯರ್ಥ. ಮೇ ತಿಂಗಳಲ್ಲಿ ಅಂಟು ಬೇಗ ಒಣಗಿ ಮೇಲೆ ಕೆನೆ ಕಟ್ಟುತ್ತದೆ, ಬೆರಳಿಗೆ ಅಂಟದಂತಾದ ಮೇಲೆ ಅದರ ಮೇಲೆ ಟೈಲ್ಸ್ ಇಡಬಾರದು. ಆದ್ದರಿಂದ ಬೆಳಿಗ್ಗೆ ಬೇಗ ಆರಂಭಿಸಿ, ಕಿಟಕಿಗಳಿಗೆ ಪರದೆ ಕಟ್ಟಿಸಿ, ಒಂದು ಸಲಕ್ಕೆ ಎರಡು ಮೂರು ಟೈಲ್ಸುಗಳಷ್ಟೇ ಅಂಟು ಎಳೆಯಲು ಹೇಳಿರಿ.

ಬಚ್ಚಲಿನಲ್ಲಿ ಟೈಲ್ಸಿಗೆ ಮೊದಲೇ ನೀರು ಸೋರದ ಲೇಪ ಆಗಬೇಕು. ಅದು ಒಣಗಿದ ನಂತರ ನೀರು ಹೊರಹೋಗುವ ಜಾಲಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡಿರಿ. ಇಳಿಜಾರು ಮೀಟರಿಗೆ 10ರಿಂದ 12 ಮಿ.ಮೀ. ಜಾಲಿಯ ಕಡೆಗಿರಲಿ. ಹಣವನ್ನು ಆರಂಭದಲ್ಲಿ ಸ್ವಲ್ಪ, ಅಳತೆಯಾದ ಕೆಲಸಕ್ಕೆ ವಾರವಾರ ಸ್ವಲ್ಪ ಎಂದು ಕೊಟ್ಟು, ಹತ್ತನೆಯ ಒಂದು ಪಾಲನ್ನು ಬಚ್ಚಲಿಗೆ ಬಕೆಟ್ ನೀರು ಸುರಿದು ಎಲ್ಲಿಯೂ ನಿಲ್ಲದೆ ಹರಿದ ಮೇಲೆ, ನೆಲವನ್ನು ತಟ್ಟಿ ನೋಡಿದ ಮೇಲೆ ಕೊಡುವುದು ಒಳ್ಳೆಯದು. ಒಳ್ಳೆಯ ಮೇಸ್ತ್ರಿಗಳು ಇದಕ್ಕೆ ಬೇಸರಪಡುವುದನ್ನು ನಾನು ಕಂಡಿಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಬೋರ್‌ವೆಲ್ ನೀರಿನಿಂದ ಬಚ್ಚಲ ಟೈಲ್ಸಿನ ಮೇಲೆ ಬಿಳಿ ಉಪ್ಪು ಕಟ್ಟುತ್ತಿದೆ. ಅಂಗಡಿಯವರು ಆಸಿಡ್ ಹಾಕಿ ತೊಳೆಯಿರಿ ಎನ್ನುತ್ತಾರೆ. ಸರಿಯೇ?

ಉತ್ತರ: ಆ ಆಸಿಡ್ ಟೈಲ್ಸಿಗಿಂತ ಮೊದಲು ಅದರ ಸಂದಿನ ಸಿಮೆಂಟನ್ನು ತಿನ್ನುತ್ತದೆ, ಆಮೇಲೆ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ. ಮೊದಲು ಸಂದುಗಳಿಗೆ ನೀರು ಹಾಕಿ ನೆನೆಸಿ, ನೀರು ಬೆರೆಸಿದ ವಿನೆಗರ್ ಅನ್ನು ಟೈಲ್ಸಿನ ಮೇಲೆ ಹಚ್ಚಿ ಸ್ವಲ್ಪ ಹೊತ್ತಿಗೆ ಉಜ್ಜಿ ತೊಳೆದುಬಿಡಿರಿ. ಸ್ನಾನದ ನಂತರ ಗೋಡೆಯ ನೀರನ್ನು ವೈಪರಿನಿಂದ ಎಳೆದರೆ ಉಪ್ಪು ಕಟ್ಟುವುದೇ ಕಡಿಮೆಯಾಗುತ್ತದೆ. ಆದರೆ ವಿನೆಗರ್ ಆಗಲಿ ನಿಂಬೆಹುಳಿಯಾಗಲಿ ಅಂಗಳದ ಶಹಾಬಾದ್ ಕಲ್ಲಿಗೆ ತಾಗದಂತೆ ನೋಡಿಕೊಳ್ಳಿರಿ. ಅದು ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಸಂದುಗಳನ್ನು ಮತ್ತೆ ತುಂಬಿಸುವುದಾದರೆ ಬಚ್ಚಲಿಗೆ ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಸಂದು ತುಂಬುವ ಮಸಾಲೆ, ಆಗಲಿ. ಬೆಲೆ ಹೆಚ್ಚು, ಅದನ್ನು ಒಣಗುವ ಮೊದಲೇ ಒರೆಸಿ ತೆಗೆಯಬಲ್ಲ ಪಳಗಿದ ಕೈ ಬೇಕು, ಆದ್ದರಿಂದ ಮೊದಲು ಒಂದು ಮೂಲೆಯಲ್ಲಿ ಮಾಡಿಸಿ ನೋಡಿ ನಂತರ ಮುಂದುವರಿಯಲು ಹೇಳಿರಿ.