ವೈವಾದಲ್ಲಿ ಗೊತ್ತಿರುವ ಉತ್ತರವೂ ಬಾಯಿಗೆ ಬರುವುದಿಲ್ಲ: ಇದು ಓದಿನ ಒತ್ತಡವೋ, ಆತಂಕದ ಕಾಯಿಲೆಯೋ?

ಪ್ರಶ್ನೆ: ಎರಡನೆಯ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ವೈದ್ಯಕೀಯ ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಕಳೆದ ಐದಾರು ತಿಂಗಳಿಂದ ಅನುಭವಿಸುತ್ತಿರುವುದನ್ನು ಸಹಪಾಠಿಗಳ ಮುಂದಾಗಲಿ ಮನೆಯವರ ಮುಂದಾಗಲಿ ಹೇಳಿಕೊಳ್ಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಬರವಣಿಗೆಯ ಪರೀಕ್ಷೆಗಳಲ್ಲಿ ನನಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಆದರೆ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಕರೆದಾಗ, ಅಥವಾ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಪ್ರಾಧ್ಯಾಪಕರು ನನ್ನ ಕಡೆಗೆ ತಿರುಗಿ ಪ್ರಶ್ನೆ ಕೇಳಿದಾಗ, ಎದೆ ಡವಗುಟ್ಟಿ, ಅಂಗೈ ಬೆವೆತು, ಗಂಟಲು ಒಣಗಿ, ಹಿಂದಿನ ರಾತ್ರಿಯಷ್ಟೇ ಎರಡು ಸಲ ಓದಿದ ವಿಷಯ ಪೂರ್ತಿಯಾಗಿ ಮರೆತುಹೋಗುತ್ತದೆ. ಇತ್ತೀಚಿನ ವೈವಾದಲ್ಲಿ ಉರಿಯೂತದ ಪ್ರಧಾನ ಲಕ್ಷಣಗಳನ್ನು ಕೇಳಿದರು. ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ನೋಯುವುದು: ಇಷ್ಟನ್ನು ಗಾಯವಾದ ಯಾರು ಬೇಕಾದರೂ ಹೇಳಬಲ್ಲರು. ನನ್ನ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಕೊಠಡಿಯಿಂದ ಹೊರಬಂದು ಎರಡು ನಿಮಿಷವಾಗುವಷ್ಟರಲ್ಲಿ ನಾಲ್ಕೂ ಪುಸ್ತಕದಲ್ಲಿದ್ದ ಕ್ರಮದಲ್ಲಿಯೇ ನೆನಪಾದವು. ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಓದು ಸಾಲದೆಂದುಕೊಂಡು ಅಂದಿನಿಂದ ರಾತ್ರಿ ಎರಡು ಗಂಟೆಯವರೆಗೆ ಓದುತ್ತಿದ್ದೇನೆ. ಎಚ್ಚರವಾಗಿರಲು ದಿನಕ್ಕೆ ನಾಲ್ಕೈದು ಲೋಟ ಕಾಫಿ ಬೇಕಾಗುತ್ತಿದೆ. ಪ್ರಾಧ್ಯಾಪಕರೊಂದಿಗೆ ವಾರ್ಡಿನ ರೋಗಿಗಳನ್ನು ನೋಡುತ್ತ ಹೋಗುವ ರೌಂಡ್ಸ್ ನಡೆಯುವಾಗ ಗುಂಪಿನಲ್ಲಿ ಎತ್ತರವಾಗಿರುವವರ ಬೆನ್ನ ಹಿಂದೆ ನಿಲ್ಲುತ್ತೇನೆ. ರೋಗಿಯೊಬ್ಬರ ವಿವರವನ್ನು ಎಲ್ಲರ ಮುಂದೆ ಹೇಳಬೇಕಾದ ನನ್ನ ಸರದಿಯ ಕೇಸ್ ಪ್ರೆಸೆಂಟೇಶನ್ ಇದ್ದ ದಿನ ಜ್ವರವೆಂದು ಸುಳ್ಳು ಹೇಳಿ ಹೋಗಲೇ ಇಲ್ಲ. ಇದರ ಜೊತೆಗೆ, ಥೈರಾಯ್ಡ್ ಅಧ್ಯಾಯವನ್ನು ಓದಿದ ವಾರ ನನಗೆ ಥೈರಾಯ್ಡ್ ಕಾಯಿಲೆಯೇ ಇದೆಯೆಂದು ತೋರಿತು. ಅದರ ಹಿಂದಿನ ವಾರ ಹೃದಯದ ಕವಾಟದ ಕಾಯಿಲೆಯಿತ್ತು.

ಇದನ್ನು ಎಲ್ಲರಿಗೂ ಇರುವ ಒತ್ತಡವೆಂದು ಸಹಿಸಿಕೊಳ್ಳಬೇಕೋ ಅಥವಾ ಕಾಯಿಲೆಯೆಂದು ತೋರಿಸಿಕೊಳ್ಳಬೇಕೋ ತಿಳಿಯುತ್ತಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರು ವೈವಾಗೆ ಒಂದು ಗಂಟೆ ಮೊದಲು ತೆಗೆದುಕೊಳ್ಳಲು ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಕೊಡುತ್ತೇನೆಂದಿದ್ದಾರೆ, ಅದು ಸರಿಯೇ? ಮನೋವೈದ್ಯರ ಬಳಿ ಹೋದರೆ ಅದು ದಾಖಲೆಯಾಗಿ ಮುಂದೆ ನನಗೇ ಮುಳುವಾಗುವುದೇ ಎಂಬ ಭಯವೂ ಇದೆ.

ಉತ್ತರ 1: ಸ್ನಾತಕೋತ್ತರ ವಿದ್ಯಾರ್ಥಿ, ಜನರಲ್ ಮೆಡಿಸಿನ್

ಎತ್ತರದವರ ಬೆನ್ನ ಹಿಂದೆ ನಿಲ್ಲುವ ಕಲೆಯಲ್ಲಿ ನಾನು ನಿಮಗಿಂತ ಹಿರಿಯ. ಎರಡು ವರ್ಷ ಹಾಗೆ ನಿಂತೇ ಕಳೆದವನು ನಾನು; ಪ್ರಶ್ನೆ ಬೇರೆಯವರ ಮೇಲೆ ಬಿದ್ದಾಗ ಆಗುತ್ತಿದ್ದ ನಿರಾಳವನ್ನು ಇಂದಿಗೂ ಮರೆತಿಲ್ಲ. ಆ ನಿರಾಳವೇ ನನ್ನನ್ನು ಕೆಡಿಸಿತೆಂಬುದು ತಡವಾಗಿ ತಿಳಿಯಿತು. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಮನಸ್ಸು ‘ಅಲ್ಲಿ ನಿಜವಾಗಿಯೂ ಅಪಾಯವಿತ್ತು, ಓಡಿಬಂದದ್ದರಿಂದ ಉಳಿದುಕೊಂಡೆ’ ಎಂಬ ಪಾಠವನ್ನು ಕಲಿಯುತ್ತದೆ. ಉತ್ತರ ತಪ್ಪಾದರೂ ಆಕಾಶ ಕಳಚಿ ಬೀಳುವುದಿಲ್ಲವೆಂದು ತಿಳಿಯುವ ಅವಕಾಶವನ್ನು ಅದಕ್ಕೆ ನಾವು ಕೊಡುವುದೇ ಇಲ್ಲ.

ನಿಮ್ಮ ಓದಿನ ವಿಧಾನದ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಎರಡು ಸಲ ಓದಿದೆ’ ಎಂದು ಬರೆದಿದ್ದೀರಿ. ಓದಿದ್ದನ್ನೇ ಮತ್ತೆ ಓದಿದಾಗ ಅಕ್ಷರಗಳು ಪರಿಚಿತವಾಗಿ ಕಾಣುತ್ತವೆ, ಆ ಪರಿಚಯವನ್ನೇ ನಾವು ಜ್ಞಾನವೆಂದು ಭಾವಿಸುತ್ತೇವೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಠ್ಯವನ್ನು ಕೆಲವರಿಗೆ ಮರಳಿ ಓದಲು ಕೊಟ್ಟು, ಉಳಿದವರಿಗೆ ಅದನ್ನು ನೋಡದೆಯೇ ನೆನಪಿನಿಂದ ಬರೆಯಲು ಹೇಳಿದ್ದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿಬಿದ್ದು, ನೆನಪಿನಿಂದ ಬರೆದವರ ಬಳಿಯೇ ಹೆಚ್ಚು ಉಳಿದಿತ್ತು. ವೈವಾ ಎಂಬುದು ನೆನಪಿನಿಂದ ಹೊರತೆಗೆಯುವ ಕೆಲಸ, ಅದರಲ್ಲಿಯೂ ಬಾಯಿಂದ ತೆಗೆಯುವ ಕೆಲಸ. ಆ ಕೆಲಸವನ್ನು ನಿಮ್ಮ ಮೇಜಿನ ಮುಂದೆ ಒಮ್ಮೆಯೂ ಮಾಡದೆ, ಪರೀಕ್ಷಕರ ಮುಂದೆಯೇ ಮೊದಲ ಬಾರಿಗೆ ಮಾಡಲು ಹೋಗುತ್ತಿದ್ದೀರಿ.

ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಖಾಲಿ ಕೋಣೆಯಲ್ಲಿ ಪುಸ್ತಕ ಮುಚ್ಚಿ, ಗಟ್ಟಿಯಾಗಿ ಉತ್ತರ ಹೇಳಿದೆ. ಮೂರ್ಖತನವೆನ್ನಿಸಿತು, ಆದರೂ ಬಿಡಲಿಲ್ಲ. ಎರಡನೆಯ ವಾರದಿಂದ ಒಬ್ಬ ಸ್ನೇಹಿತ ದಿನಕ್ಕೆ ಹದಿನೈದು ನಿಮಿಷ ಪರೀಕ್ಷಕನಾಗಿ ಕುಳಿತ. ಆಮೇಲೆ ಮೂವರ ಗುಂಪಾಯಿತು. ತಿಂಗಳಾದ ಮೇಲೆ ರೌಂಡ್ಸಿನಲ್ಲಿ ಗುಂಪಿನ ಮುಂದಿನ ಸಾಲಿಗೆ ಬಂದು, ವಾರಕ್ಕೆ ಒಂದು ಪ್ರಶ್ನೆಗಾದರೂ ನಾನಾಗಿಯೇ ಉತ್ತರಿಸಬೇಕೆಂದು ನಿಯಮ ಮಾಡಿಕೊಂಡೆ. ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ, ಆದರೆ ಹೊಡೆದುಕೊಳ್ಳುತ್ತಿರುವಾಗಲೇ ಮಾತನಾಡಬಹುದೆಂಬುದು ಗೊತ್ತಾಯಿತು. ‘ಒಂದು ಕ್ಷಣ ಯೋಚಿಸಿ ಹೇಳುತ್ತೇನೆ’ ಎಂಬ ವಾಕ್ಯವನ್ನೂ ‘ಇದು ನನಗೆ ಗೊತ್ತಿಲ್ಲ’ ಎಂಬ ವಾಕ್ಯವನ್ನೂ ಅಭ್ಯಾಸ ಮಾಡಿಕೊಳ್ಳಿ. ಎರಡನೆಯದು ಮುಂದೆ ರೋಗಿಗಳ ಜೀವವನ್ನೂ ಉಳಿಸುತ್ತದೆ.

ರಾತ್ರಿ ಎರಡರವರೆಗೆ ಓದುವುದನ್ನು ದಯವಿಟ್ಟು ನಿಲ್ಲಿಸಿ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ರೆಯಲ್ಲಿ.

ಉತ್ತರ 2: ಮನೋವೈದ್ಯೆ ಮತ್ತು ಬೋಧಕಿ

ಮೊದಲು ಒಂದು ಸಮಾಧಾನದ ಮಾತು. ಕೊಠಡಿಯಿಂದ ಹೊರಬಂದ ಎರಡನೆಯ ನಿಮಿಷಕ್ಕೆ ಉತ್ತರ ನೆನಪಾಯಿತೆಂದರೆ, ಅದು ನಿಮ್ಮಲ್ಲಿ ಸರಿಯಾಗಿಯೇ ಸಂಗ್ರಹವಾಗಿತ್ತು. ಭಯವಾದಾಗ ದೇಹವನ್ನು ಅಪಾಯಕ್ಕೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರವ್ಯೂಹ ಮತ್ತು ಅಡ್ರಿನಲಿನ್ ಏನು ಮಾಡುತ್ತವೆಯೆಂದು ಮೊದಲ ವರ್ಷ ಶರೀರಕ್ರಿಯಾಶಾಸ್ತ್ರದಲ್ಲಿ ಚಿತ್ರ ಬರೆದು ಅಂಕ ಪಡೆದಿರುತ್ತೀರಿ. ನಿಮ್ಮ ಬೆವೆತ ಅಂಗೈ ಮತ್ತು ಒಣಗಿದ ಗಂಟಲು ಆ ಚಿತ್ರವೇ. ಉತ್ತರ ಹುಡುಕಬೇಕಿದ್ದ ಗಮನವನ್ನು ‘ಇವರು ನನ್ನ ಬಗ್ಗೆ ಏನೆಂದುಕೊಂಡಾರು’ ಎಂಬ ಯೋಚನೆ ಕಬಳಿಸಿದಾಗ, ಗೊತ್ತಿದ್ದದ್ದಕ್ಕೂ ದಾರಿ ಸಿಗುವುದಿಲ್ಲ. ಆದ್ದರಿಂದ ಇನ್ನೂ ಎರಡು ಗಂಟೆ ಹೆಚ್ಚು ಓದುವುದು ಈ ತೊಂದರೆಗೆ ಮದ್ದಲ್ಲ.

ಒತ್ತಡಕ್ಕೂ ಕಾಯಿಲೆಗೂ ನಡುವಿನ ಗೆರೆಯನ್ನು ಲಕ್ಷಣಗಳ ತೀವ್ರತೆಯೊಂದರಿಂದಲೇ ಎಳೆಯಲಾಗದು. ಎಷ್ಟು ಕಾಲದಿಂದ ಇದೆ, ಪರೀಕ್ಷೆ ಮುಗಿದ ಮೇಲೆ ಇಳಿಯುತ್ತದೆಯೇ, ಅದರಿಂದಾಗಿ ಬದುಕಿನಲ್ಲಿ ಏನೇನನ್ನು ಬಿಟ್ಟುಕೊಟ್ಟಿದ್ದೀರಿ ಎಂಬುದನ್ನು ನಾವು ನೋಡುತ್ತೇವೆ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳಸಿ, ಮುಗಿದ ಸಂಜೆ ಸರಿಹೋಗುವುದು ಒತ್ತಡ. ನೀವು ಐದಾರು ತಿಂಗಳ ಬಗ್ಗೆ ಬರೆದಿದ್ದೀರಿ, ಸುಳ್ಳು ಹೇಳಿ ಒಂದು ತರಗತಿಯನ್ನೇ ತಪ್ಪಿಸಿದ್ದೀರಿ. ಇಷ್ಟರಿಂದ ನಾನು ಇಲ್ಲಿ ಕುಳಿತು ರೋಗನಿರ್ಣಯ ಮಾಡಲಾರೆ, ಮಾಡಲೂಬಾರದು; ಆದರೆ ತೋರಿಸಿಕೊಳ್ಳಲು ಇಷ್ಟು ಕಾರಣ ಸಾಕು. 2006ರಿಂದ ಬಳಕೆಯಲ್ಲಿರುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿಯನ್ನು ನೀವೇ ತುಂಬಿ ನೋಡಬಹುದು. ಕಳೆದ ಎರಡು ವಾರಗಳನ್ನು ಕುರಿತು ಕೇಳುವ ಅದರಲ್ಲಿ ಒಟ್ಟು 21ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರ ಪರಿಶೀಲನೆ ಅಗತ್ಯ. ಆದರೆ ಅದು ದಿನವಿಡೀ ಕಾಡುವ ಚಿಂತೆಯನ್ನು ಅಳೆಯಲು ಮಾಡಿದ ಪಟ್ಟಿ. ಜನರ ಮುಂದೆ ಮಾತನಾಡುವಾಗ ಮಾತ್ರ ಬರುವ ಆತಂಕವೂ ಒಂದು ಪ್ರತ್ಯೇಕ ಬಗೆಯಾಗಿ ಗುರುತಾಗಿದ್ದು, ಅಂಥವರ ಅಂಕ ಕಡಿಮೆ ಬರಲೂಬಹುದು. ಹಾಗಾಗಿ ಅಂಕ ಕಡಿಮೆಯೆಂದು ಸುಮ್ಮನಾಗಬೇಡಿ.

ಮಾತ್ರೆಯ ವಿಷಯ. ಪ್ರೊಪ್ರನೊಲಾಲ್, ಅಡ್ರಿನಲಿನ್ ಬಂದು ಕೂರುವ ಬೀಟಾ ಗ್ರಾಹಕಗಳನ್ನು ತಡೆದು ಎದೆಬಡಿತವನ್ನೂ ಕೈನಡುಕವನ್ನೂ ತಗ್ಗಿಸುತ್ತದೆ. ಸಭೆಯ ಭಯಕ್ಕೆ ವೈದ್ಯರು ಅದನ್ನು ಬರೆದುಕೊಡುವುದೂ ಉಂಟು. ಆದರೆ ಅಸ್ತಮಾ ಇರುವವರಲ್ಲಿ ಅದು ಉಸಿರಾಟದ ನಾಳಗಳನ್ನು ಬಿಗಿಗೊಳಿಸಿ ಪ್ರಾಣಕ್ಕೇ ಕುತ್ತು ತರಬಲ್ಲದು, ಮಧುಮೇಹಿಗಳಲ್ಲಿ ಸಕ್ಕರೆ ಕುಸಿದಾಗಿನ ಎಚ್ಚರಿಕೆಯ ಎದೆಬಡಿತವನ್ನು ಮರೆಮಾಡಬಲ್ಲದು, ಕೆಲವು ಬಗೆಯ ಹೃದಯದ ತೊಂದರೆಗಳಲ್ಲಿ ಕೊಡಲೇಬಾರದು. ನಿಮ್ಮನ್ನು ಪರೀಕ್ಷಿಸದೆ ಮಾತ್ರೆ ಕೊಡಲು ಹೊರಟ ಆ ಹಿರಿಯರು ಔಷಧಶಾಸ್ತ್ರದ ವೈವಾದಲ್ಲಿ ಇದನ್ನೆಲ್ಲ ಹೇಳಿಯೇ ತೇರ್ಗಡೆಯಾಗಿರಬೇಕು. ಅಲ್ಲದೆ, ಮಾತ್ರೆಯಿಂದ ಕೈ ನಡುಗದಿರಬಹುದು, ತಪ್ಪಿಸಿಕೊಳ್ಳುವ ಅಭ್ಯಾಸ ಹೋಗುವುದಿಲ್ಲ. ಅದಕ್ಕೆ ಅರಿವಿನ ವರ್ತನಾ ಚಿಕಿತ್ಸೆ ಇದೆ: ಮೇಲೆ ಹೇಳಿದ ಖಾಲಿ ಕೋಣೆ, ಸ್ನೇಹಿತ, ಮುಂದಿನ ಸಾಲು ಎಂಬ ಮೆಟ್ಟಿಲುಗಳನ್ನು ಮೊದಲ ಉತ್ತರ ಬರೆದವರು ತಾವಾಗಿಯೇ ಕಂಡುಕೊಂಡದ್ದು ಮೆಚ್ಚಬೇಕಾದದ್ದು, ಚಿಕಿತ್ಸಕರು ಅದನ್ನೇ ಕ್ರಮಬದ್ಧವಾಗಿ ಮಾಡಿಸುತ್ತಾರೆ. ಕೆಲವರಿಗೆ ಆತಂಕ, ಖಿನ್ನತೆಗಳಿಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳೂ ಬೇಕಾಗುತ್ತವೆ. ಅವುಗಳ ಪರಿಣಾಮ ಕಾಣಲು ಕೆಲವು ವಾರಗಳು ಹಿಡಿಯುವುದರಿಂದ ವೈವಾದ ಹಿಂದಿನ ದಿನ ಬಂದು ಕೇಳಿದರೆ ಪ್ರಯೋಜನವಿಲ್ಲ.

ಥೈರಾಯ್ಡ್ ಶಂಕೆಯನ್ನು ನಾನು ನಕ್ಕು ತಳ್ಳಿಹಾಕುವುದಿಲ್ಲ. ಓದಿದ ರೋಗವೆಲ್ಲ ತನಗಿದೆಯೆಂದು ಅನ್ನಿಸುವುದು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಎಷ್ಟು ಹಳೆಯ ಸಂಗತಿಯೆಂದರೆ ಅದಕ್ಕೆ ಅವರ ಹೆಸರೇ ಅಂಟಿಕೊಂಡಿದೆ. ಆದರೂ ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗಲೂ ಎದೆಬಡಿತ, ಬೆವರು, ನಡುಕ ಬರುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ಇತ್ಯರ್ಥವಾಗುವುದನ್ನು ತಿಂಗಳುಗಟ್ಟಲೆ ಊಹಿಸುತ್ತ ಕೂರುವುದೇಕೆ? ಕಾಫಿಯೂ ಇದೇ ಲಕ್ಷಣಗಳನ್ನು ತರುತ್ತದೆ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿರುತ್ತದೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರುವುದರಿಂದ ವಾರಕ್ಕೆ ಒಂದೊಂದು ಲೋಟದಂತೆ ಇಳಿಸಿ.

ಇನ್ನು ದಾಖಲೆಯ ಭಯ. 2016ರಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ, 40ಕ್ಕೂ ಹೆಚ್ಚು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಸುಮಾರು ಶೇಕಡಾ 27ರಷ್ಟು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದಿದ್ದವು. ತಪಾಸಣೆಯಲ್ಲಿ ಹಾಗೆ ಕಂಡವರ ಪೈಕಿ ಚಿಕಿತ್ಸೆ ಬಯಸಿದವರು ಶೇಕಡಾ 16ರಷ್ಟು ಮಾತ್ರ. ಆಸ್ಪತ್ರೆಯೊಳಗೇ ದಿನ ಕಳೆಯುವವರ ಕಥೆಯಿದು. ವೈದ್ಯರ ಪ್ರತಿಜ್ಞೆಯಾದ ಜಿನೀವಾ ಘೋಷಣೆಗೆ 2017ರಲ್ಲಿ ಸೇರಿಸಿದ ಸಾಲೊಂದು, ಉತ್ತಮ ಆರೈಕೆ ನೀಡುವುದಕ್ಕಾಗಿಯೇ ತನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆಂದು ವೈದ್ಯನಿಂದ ಮಾತು ಪಡೆಯುತ್ತದೆ. ನಿಯಮಗಳು ಎಲ್ಲೆಡೆ ಒಂದೇ ಅಲ್ಲವಾದ್ದರಿಂದ, ಮೊದಲ ಭೇಟಿಯಲ್ಲಿಯೇ ‘ಇದು ಯಾರಿಗೆ ತಿಳಿಯುತ್ತದೆ, ಎಲ್ಲಿ ದಾಖಲಾಗುತ್ತದೆ’ ಎಂದು ನೇರವಾಗಿ ಕೇಳಿ. ಆ ಪ್ರಶ್ನೆಗೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ. ನಿಮಗೆ ಪಾಠ ಹೇಳುವವರ ಬಳಿಯೇ ಹೋಗಲು ಮುಜುಗರವಾದರೆ ಹೊರಗಿನವರನ್ನು ಕಾಣಿ. ಬದುಕುವುದೇ ಬೇಡವೆಂಬ ಯೋಚನೆ ಬಂದ ದಿನ ಮಾತ್ರ ಯಾವ ಅಪಾಯಿಂಟ್‌ಮೆಂಟನ್ನೂ ಕಾಯದೆ, ಒಬ್ಬರನ್ನು ಜೊತೆಗೆ ಕರೆದುಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಉತ್ತರ 3: ಅಂತಿಮ ವರ್ಷದ ವಿದ್ಯಾರ್ಥಿ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ಅವೆರಡೂ ರಿಪೇರಿಯ ಕೆಲಸವನ್ನೆಲ್ಲ ವಿದ್ಯಾರ್ಥಿಯ ತಲೆಗೇ ಕಟ್ಟುತ್ತವೆ. ರೋಗಿಯ ಎದುರಿನಲ್ಲಿ, ಹತ್ತು ಜನರ ನಡುವೆ, ಉತ್ತರ ಬಾರದವರನ್ನು ಗೇಲಿ ಮಾಡುವುದೇ ಬೋಧನೆಯೆಂದು ನಂಬಿದವರು ಇಲ್ಲವೇ? ಅಂಥವರ ಮುಂದೆ ಎದೆ ಹೊಡೆದುಕೊಳ್ಳದಿದ್ದರೆ ಅದೇ ಕಾಯಿಲೆ.

‘ಒತ್ತಡವಿಲ್ಲದೆ ಯಾರೂ ವೈದ್ಯರಾಗುವುದಿಲ್ಲ’ ಎನ್ನುವವರು ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳ 1908ರ ಪ್ರಯೋಗವನ್ನು ಎತ್ತಿ ಹೇಳುತ್ತಾರೆ. ಇಲಿಗಳಿಗೆ ವಿದ್ಯುತ್ ಶಾಕ್ ಕೊಟ್ಟು ಕಲಿಸಿದ ಆ ಪ್ರಯೋಗದಲ್ಲಿ ಕೆಲಸ ಕಠಿಣವಾದಾಗ ಹೆಚ್ಚು ಶಾಕ್ ಕಲಿಕೆಯನ್ನು ಹಿಂದಕ್ಕೆ ತಳ್ಳಿತೆಂಬ ಭಾಗವನ್ನು ಮಾತ್ರ ಅವರು ಓದಿರುವುದಿಲ್ಲ. ರೋಗನಿರ್ಣಯ ಸುಲಭದ ಕೆಲಸವೇ? ಪರೀಕ್ಷೆಯ ರೂಪ ಬದಲಾಗಲಾರದೆಂಬುದೂ ಸುಳ್ಳು. ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಮೊದಲ ಹಂತದ ಫಲಿತಾಂಶವನ್ನು 2022ರ ಜನವರಿಯಿಂದ ಅಂಕಗಳ ಬದಲು ತೇರ್ಗಡೆ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸುತ್ತಿದ್ದಾರೆ. ಪೈಪೋಟಿ ಅದರಿಂದ ಎರಡನೆಯ ಹಂತಕ್ಕೆ ಸರಿಯಿತೆಂಬ ದೂರಿದೆ, ನಿಜ. ಆದರೂ ಪದ್ಧತಿಗೆ ಕೈಹಚ್ಚಬಹುದೆಂದು ಒಪ್ಪಿಕೊಂಡಂತಾಯಿತಲ್ಲ.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಚಿಕ್ಕದು. ನಿಮ್ಮ ತಂಡದಲ್ಲಿ ಒಬ್ಬರಿಗಾದರೂ ಇದನ್ನು ಹೇಳಿ. ನಾನು ಮೂರನೆಯ ವರ್ಷದಲ್ಲಿ ಹೇಳಿದಾಗ, ತರಗತಿಯಲ್ಲಿ ಪಟಪಟನೆ ಉತ್ತರಿಸುತ್ತಿದ್ದವನೇ ವೈವಾಗೆ ಮುಂಚೆ ಪ್ರತಿ ಸಲ ವಾಂತಿ ಮಾಡಿಕೊಳ್ಳುತ್ತೇನೆಂದ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ:

ಎಲ್ಲರಿಗೂ ಕೃತಜ್ಞತೆಗಳು. ಆ ಮಾತ್ರೆಯನ್ನು ಬೇಡವೆಂದೆ. ನನಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತೆಂಬುದು ಇಲ್ಲಿ ಓದಿದ ಮೇಲೆಯೇ ನೆನಪಾಯಿತು. ಪಟ್ಟಿಯನ್ನು ತುಂಬಿ ನೋಡಿದಾಗ 12 ಬಂದಿದೆ. ಹೊರಗಿನ ಮನೋವೈದ್ಯರೊಬ್ಬರ ಬಳಿ ಮುಂದಿನ ಗುರುವಾರಕ್ಕೆ ಸಮಯ ಕೇಳಿದ್ದೇನೆ. ನಿನ್ನೆ ರಾತ್ರಿ ಕೋಣೆಯ ಗೆಳತಿಯ ಮುಂದೆ ಉರಿಯೂತದ ಲಕ್ಷಣಗಳನ್ನು ಗಟ್ಟಿಯಾಗಿ ಹೇಳಿದೆ. ಮೂರು ಹೇಳಿ ನಾಲ್ಕನೆಯದಕ್ಕೆ ನಿಂತುಬಿಟ್ಟೆ. ಅವಳು ನಗಲಿಲ್ಲ, ಅವಳಿಗೂ ನಾಲ್ಕನೆಯದು ನೆನಪಾಗಿರಲಿಲ್ಲ. ಒಂದು ಅನುಮಾನ ಉಳಿದಿದೆ: ತಪ್ಪಿಸಿದ ಕೇಸ್ ಪ್ರೆಸೆಂಟೇಶನ್‌ಗೆ ಮತ್ತೆ ಅವಕಾಶ ಕೇಳಲೇ, ಅಥವಾ ಚಿಕಿತ್ಸೆ ಶುರುವಾಗುವವರೆಗೆ ಕಾಯಲೇ?

ಮನೋವೈದ್ಯೆ ಮತ್ತು ಬೋಧಕಿ:

ಉಬ್ಬಸವಿದ್ದುದನ್ನು ಗುರುವಾರ ಮರೆಯದೆ ವೈದ್ಯರಿಗೆ ಹೇಳಿ. ಕೇಸ್ ಪ್ರೆಸೆಂಟೇಶನ್‌ಗೆ ಈಗಲೇ ಅವಕಾಶ ಕೇಳಿ, ಆದರೆ ದಿನವನ್ನು ಎರಡು ಮೂರು ವಾರ ಮುಂದಕ್ಕೆ ಇಟ್ಟುಕೊಳ್ಳಿ. ಚಿಕಿತ್ಸಕರಿಗೆ ಕೆಲಸ ಮಾಡಲು ನಿಶ್ಚಿತವಾದ ಒಂದು ಗುರಿಯಿದ್ದರೆ ಅನುಕೂಲ. ಅಲ್ಲಿಯವರೆಗೆ ಗೆಳತಿಯನ್ನೇ ರೋಗಿಯಾಗಿಯೂ ಪರೀಕ್ಷಕಳಾಗಿಯೂ ಕೂರಿಸಿಕೊಂಡು, ರೋಗಿಯ ವಯಸ್ಸು ಮತ್ತು ಮುಖ್ಯ ದೂರನ್ನು ಹೇಳುವ ಮೊದಲ ಎರಡು ವಾಕ್ಯಗಳನ್ನು ಮಾತ್ರ ದಿನವೂ ಹೇಳಿ ನೋಡಿ.