ಮೊರಿಯಾಸು ಅವರ 3-4-2-1: ಲಕ್ಕೋ, ಲೆಕ್ಕವೋ? ನಮ್ಮ ಮೈದಾನದಲ್ಲಿ ನಡೆದೀತೇ?

ಕಾಳಿಕಡವು (ಕಾರವಾರ):
ಜಪಾನ್ ಕೋಚ್ ಹಾಜಿಮೆ ಮೊರಿಯಾಸು ಬಗ್ಗೆ ಎರಡು ಪ್ರಶ್ನೆ. 2022ರ ವಿಶ್ವಕಪ್‌ನಲ್ಲಿ ಜರ್ಮನಿ, ಸ್ಪೇನ್ ಎರಡನ್ನೂ 2-1ರಿಂದ ಸೋಲಿಸಿದ್ದು ಗೊತ್ತೇ ಇದೆ. ಎರಡೂ ಸಲ ಮೊದಲಾರ್ಧದಲ್ಲಿ ಹಿಂದೆ ಬಿದ್ದು, ಹಾಫ್‌ಟೈಮ್ ಆದಮೇಲೆ ತಿರುಗಿಸಿದ್ದು. ಆಡುವ ಕಾಲದಲ್ಲಿ ಅವರದು ಜಪಾನ್ ಪರ 35 ಪಂದ್ಯ, ಒಂದೇ ಗೋಲು. ಇಂಥವರಿಗೆ ಈ ಚಾಣಾಕ್ಷತನ ಎಲ್ಲಿಂದ ಬಂತು?

ಎರಡನೆಯದು ನಮ್ಮ ಸಂಕಟ. ಮಳೆಗಾಲ ಮುಗಿದ ಮೇಲಿನ ಟೂರ್ನಿಗೆ 16 ಜನರ ಟೀಮು, ಈಗ ಆಡುವುದು 4-4-2 (ಹಿಂದಿನಿಂದ ಎಣಿಸಿದರೆ ನಾಲ್ವರು, ನಾಲ್ವರು, ಇಬ್ಬರು). ಗೋವಾ ಕಡೆಯ ಟೀಮು ಎದುರಾದರೆ ಸ್ಟಾಪರ್‌ಗೂ (ನಡುವಿನ ಡಿಫೆಂಡರ್) ಸೈಡ್‌ಬ್ಯಾಕ್‌ಗೂ (ಅಂಚಿನ ಡಿಫೆಂಡರ್) ನಡುವಿನ ಸಂದಿಯಲ್ಲೇ ನುಗ್ಗುತ್ತಾರೆ. ಆರು ವಾರ ಟೈಮಿದೆ. ಮೂರು ಸ್ಟಾಪರ್ ಹಾಕಿ ಆಡಿಸಬಹುದಾ?

ಬೈತಖೋಲ್_6ನಂಬರ್:
ಮೊದಲನೆಯದಕ್ಕೆ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ಒಂದೇ ಗೋಲು ಹೊಡೆದವನನ್ನು 35 ಪಂದ್ಯ ಯಾಕೆ ಆಡಿಸಿದರು?

ನಾಗಾಸಾಕಿಯಲ್ಲಿ ಬೆಳೆದು, 1987ರಲ್ಲಿ ಮಾಜ್ದಾ ಕಂಪನಿ ಟೀಮಿಗೆ ಸೇರಿದವರು. ಅದೇ ಟೀಮು ಜಪಾನಿನ ವೃತ್ತಿಪರ ಜೆ-ಲೀಗ್ ಶುರುವಾಗುವ ಹೊತ್ತಿಗೆ ಸಾನ್‌ಫ್ರೆಚ್ಚೆ ಹಿರೋಶಿಮಾ ಆಯಿತು. ಮಾಜ್ದಾದಲ್ಲಿ ಇವರ ಆಟ ನೋಡಿದ್ದ ಡಚ್ ಕೋಚ್ ಹಾನ್ಸ್ ಊಫ್ಟ್, ತಾವು ರಾಷ್ಟ್ರೀಯ ಟೀಮಿನ ಕೋಚ್ ಆದಾಗ 1992ರಲ್ಲಿ ಕರೆಸಿಕೊಂಡರು. ಹೆಸರು ಎಷ್ಟು ಅಪರಿಚಿತ ಎಂದರೆ, ಜನ ಅದರ ಲಿಪಿಯನ್ನು ತಪ್ಪಾಗಿ ಓದಿ ‘ಪೊಯಿಚಿ’ ಅಂದುಬಿಟ್ಟರು. ಅಡ್ಡಹೆಸರು ಇವತ್ತಿಗೂ ಅದೇ. ಮೊದಲ ಪಂದ್ಯ ಅರ್ಜೆಂಟೀನಾ ವಿರುದ್ಧ. ಅದೇ ವರ್ಷ ಏಷ್ಯಾ ಕಪ್ ಗೆದ್ದರು.

ಅವರ ಜಾಗಕ್ಕೆ ‘ವೊಲಾಂಟೆ’ ಅನ್ನುತ್ತಾರೆ, ಪೋರ್ಚುಗೀಸಿನಲ್ಲಿ ಸ್ಟೀರಿಂಗ್ ಚಕ್ರ. (ಗೋವಾದ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಕೆಲಸ ಇಷ್ಟೇ: ಸೈಡ್‌ಬ್ಯಾಕ್ ಮುಂದೆ ಹೋದರೆ ಅವನ ಜಾಗ ತುಂಬು, ಎದುರಾಳಿಯ ಪಾಸ್ ಹೋಗುವ ದಾರಿಯಲ್ಲಿ ನಿಲ್ಲು, ಚೆಂಡು ಸಿಕ್ಕರೆ ಎರಡೇ ಟಚ್‌ನಲ್ಲಿ ಬಲ್ಲವನಿಗೆ ಕೊಡು. 90 ನಿಮಿಷವೂ ಎಲ್ಲಿ ತೂತು ಬೀಳುತ್ತದೆ ಅಂತ ನೋಡುವುದೇ ಉದ್ಯೋಗ. ಕೋಚಿಂಗ್ ಅಂದರೆ ಮತ್ತೇನು?

1993ರ ಅಕ್ಟೋಬರ್ 28, ದೋಹಾ. ಇರಾಕ್ ವಿರುದ್ಧ 2-1 ಮುಂದಿದ್ದರು, ಗೆದ್ದರೆ ಜಪಾನಿಗೆ ಮೊದಲ ಸಲ ವಿಶ್ವಕಪ್ ಪ್ರವೇಶ. ಕೊನೇ ಗಳಿಗೆಯಲ್ಲಿ ಇರಾಕ್ ಕಾರ್ನರನ್ನು ಗಿಡ್ಡಕ್ಕೆ ಆಡಿ, ಕ್ರಾಸ್ ಹಾಕಿ, ಹೆಡ್ ಮಾಡಿ 2-2 ಮಾಡಿತು. ಮೊರಿಯಾಸು ಆಗ ಮೈದಾನದೊಳಗೇ ಇದ್ದರು. 29 ವರ್ಷ ಬಿಟ್ಟು ಅದೇ ದೋಹಾ ಪಟ್ಟಣದಲ್ಲಿ ಸ್ಪೇನ್ ವಿರುದ್ಧ ಅದೇ 2-1, ಅದೇ ಕೊನೇ ನಿಮಿಷಗಳು. ಈ ಸಲ ಬಿಟ್ಟುಕೊಡಲಿಲ್ಲ.

ಯಾಣದಬಂಡೆ (ಶಿರಸಿ):
ಲೆಕ್ಕವೇ, ಲಕ್ಕಲ್ಲ. ಮೂರು ಸ್ಟಾಪರ್ ಆಟ ಅವರಿಗೆ ಕತಾರಿನಲ್ಲಿ ಹೊಳೆದದ್ದೂ ಅಲ್ಲ. ಹಿರೋಶಿಮಾದಲ್ಲಿ ಮಿಹಾಯ್ಲೊ ಪೆಟ್ರೊವಿಚ್ ಕಟ್ಟಿದ್ದ 3-4-2-1 ಅನ್ನು 2012ರಲ್ಲಿ ಕೈಗೆತ್ತಿಕೊಂಡರು. ಚೆಂಡು ನಮ್ಮಲ್ಲಿದ್ದಾಗ ಒಬ್ಬ ವೊಲಾಂಟೆ ಸ್ಟಾಪರ್ ಸಾಲಿಗೆ ಇಳಿದು 4-1-5, ಚೆಂಡು ಹೋದಾಗ ವಿಂಗ್‌ಬ್ಯಾಕ್‌ಗಳು (ಅಂಚಿನಲ್ಲಿ ಮುಂದಕ್ಕೂ ಹಿಂದಕ್ಕೂ ಓಡುವವರು) ಇಳಿದು 5-4-1. ಪೆಟ್ರೊವಿಚ್‌ಗೆ ಚೆಂಡು ಇದ್ದಾಗಿನ ಆಟದ ಮೇಲೆ ಪ್ರೀತಿ, ಮೊರಿಯಾಸು ಚೆಂಡು ಹೋದಾಗಿನ ಆಟವನ್ನು ರಿಪೇರಿ ಮಾಡಿದರು. 2012, 2013, 2015 ಮೂರು ಸಲ ಲೀಗ್ ಚಾಂಪಿಯನ್. 2013ರಲ್ಲಿ 34 ಪಂದ್ಯಕ್ಕೆ ಬಿಟ್ಟ ಗೋಲು 29 ಮಾತ್ರ.

ಜರ್ಮನಿ ಪಂದ್ಯ ಇನ್ನೊಮ್ಮೆ ನೋಡಿ. ಮೊದಲಾರ್ಧದಲ್ಲಿ ಜರ್ಮನಿಯ ಎಡಬದಿಯ ರಾವುಮ್‌ಗೆ ಕಾವಲೇ ಇರಲಿಲ್ಲ, ಪೆನಾಲ್ಟಿ ಬಂದದ್ದೂ ಅವನಿಂದಲೇ. ಹಾಫ್‌ಟೈಮ್‌ಗೆ ಕುಬೊನನ್ನು ತೆಗೆದು ಡಿಫೆಂಡರ್ ತೊಮಿಯಾಸುನನ್ನು ಹಾಕಿದರು. ಹಿಂದೆ ಐದು ಜನ ಆದಮೇಲೆ ಪ್ರತಿಯೊಬ್ಬನಿಗೂ ಒಬ್ಬೊಬ್ಬ ಸಿಕ್ಕ. ಸಂದಿ ಮುಚ್ಚಿದ ಮೇಲಷ್ಟೇ 57ನೇ ನಿಮಿಷಕ್ಕೆ ಮಿತೊಮಾ, ಅಸಾನೊ, 71ಕ್ಕೆ ದೊಆನ್ ಮೈದಾನಕ್ಕೆ ಇಳಿದರು. ಗೋಲು 75 ಮತ್ತು 83ಕ್ಕೆ. ಕ್ರಮ ಗಮನಿಸಿ: ಮೊದಲು ಬೀಗ, ಆಮೇಲೆ ಬಾಣ.

ಈಗ ನಿಮ್ಮ ಟೀಮು. ವಾರಕ್ಕೆ ಮೂರು ಪ್ರಾಕ್ಟೀಸ್ ಇಟ್ಟುಕೊಳ್ಳಿ.

ಮೊದಲ ಎರಡು ವಾರ ಹಗ್ಗದ ಕೆಲಸ. ಮೀನಿನ ಬಲೆಗೆ ಬಳಸುವ ನೈಲಾನ್ ಹಗ್ಗದಲ್ಲಿ 9 ಮೀಟರಿನ ನಾಲ್ಕು ತುಂಡು ಮಾಡಿ, ಹಿಂದಿನ ಐದು ಜನರ ಕೈಗೆ ಕೊಡಿ. ಅವರ ಮುಂದೆ 10 ಮೀಟರಿಗೆ ನಾಲ್ವರ ಸಾಲು. ನೀವು ಚೆಂಡು ಹಿಡಿದು ಬಲಕ್ಕೆ, ಎಡಕ್ಕೆ ನಡೆಯಿರಿ, ಅವರು ಜೊತೆಗೆ ಸರಿಯಲಿ. ಹಗ್ಗ ಬಿಗಿದರೆ ಅಲ್ಲಿ ಸಂದಿ ಬಿತ್ತು, ನೆಲಕ್ಕೆ ಜೋತರೆ ಇಬ್ಬರು ಒಬ್ಬನ ಕೆಲಸ ಮಾಡುತ್ತಿದ್ದಾರೆ. ದಿನಕ್ಕೆ 15 ನಿಮಿಷ ಸಾಕು, ನಡಿಗೆಯ ವೇಗದಲ್ಲಿ. ಐದು ಜನಕ್ಕೆ 36 ಮೀಟರ್ ಆಯಿತು, ಮೈದಾನ ಅದರ ಎರಡರಷ್ಟು ಅಗಲ. ಹಾಗಾಗಿ ಚೆಂಡು ಬಲಬದಿಯಲ್ಲಿದ್ದಾಗ ಎಡ ವಿಂಗ್‌ಬ್ಯಾಕ್ ಗೆರೆ ಬಿಟ್ಟು ಒಳಗೆ ಬರಲೇಬೇಕು. ಹುಡುಗರು ಇಲ್ಲೇ ಎಡವುವುದು, ಗೆರೆಗೆ ಅಂಟಿಕೊಂಡು ನಿಲ್ಲುತ್ತಾರೆ.

ಮೂರು-ನಾಲ್ಕನೇ ವಾರ 40x30 ಮೀಟರ್ ಚೌಕದಲ್ಲಿ ಗೋಲ್‌ಕೀಪರ್, ಮೂರು ಸ್ಟಾಪರ್, ಇಬ್ಬರು ವೊಲಾಂಟೆ. ಚೆಂಡು ಕಸಿಯಲು ನಾಲ್ವರು. ಮೂರು ನಿಮಿಷದ ಎಂಟು ಸುತ್ತು, ನಡುವೆ ಒಂದು ನಿಮಿಷ ಬಿಡುವು. ಒಂದೇ ನಿಯಮ: ಇಬ್ಬರು ವೊಲಾಂಟೆ ಒಂದೇ ಗೆರೆಯಲ್ಲಿ ನಿಲ್ಲಬಾರದು, ಅಡ್ಡಕ್ಕೂ ಇಲ್ಲ, ಉದ್ದಕ್ಕೂ ಇಲ್ಲ. ನಿಂತರೆ ಒಂದೇ ಪಾಸ್‌ಗೆ ಇಬ್ಬರೂ ಔಟ್.

ಕೊನೆಗೆ 8ಕ್ಕೆ 8 ಆಟ. ಚೆಂಡು ಕಳೆದುಕೊಂಡ 6 ಸೆಕೆಂಡಿನಲ್ಲಿ ವಿಂಗ್‌ಬ್ಯಾಕ್ ಚೆಂಡಿಗಿಂತ ಹಿಂದೆ ಇರಬೇಕು. ಇಲ್ಲದಿದ್ದಾಗ ತಿಂದ ಗೋಲಿಗೆ ಎರಡು ಲೆಕ್ಕ.

ಮೈದಾನ ಒದ್ದೆಯಿದ್ದರೆ ವೊಲಾಂಟೆಯನ್ನು ಸ್ಟಾಪರ್ ನಡುವೆ ಇಳಿಸಿ ಗಿಡ್ಡ ಪಾಸ್ ಆಡಿಸುವ ಆಸೆ ಬೇಡ. ಚೆಂಡು ನೀರಿನಲ್ಲಿ ನಿಂತಿತೋ, ಗೋಲು ತಿಂದ ಹಾಗೆಯೇ. ಹಗ್ಗದ ಕೆಲಸವನ್ನು ಬೀಚಿನಲ್ಲಿ ಮಾಡುವುದಾದರೆ ಇಳಿತದ ಹೊತ್ತಿಗೆ, ಗಟ್ಟಿ ಒದ್ದೆ ಮರಳಿನ ಮೇಲೆ. ಪಾಸಿಂಗ್ ಅಲ್ಲಿ ಬೇಡವೇ ಬೇಡ, ಒಣ ಮರಳಿನ ಮೇಲೆ ಕಲಿತ ಜೋರು ಮೈದಾನದಲ್ಲಿ ಗೆರೆಯಾಚೆ ಹೋಗುತ್ತದೆ.

ಅಘನಾಶಿನಿ_ತೀರ:
ಇಷ್ಟು ಹೊಗಳಬೇಡಿ ಮಾರಾಯ್ರೆ. ಜರ್ಮನಿ ಗೆದ್ದ ನಾಲ್ಕೇ ದಿನಕ್ಕೆ ಐದು ಜನರನ್ನು ಬದಲಿಸಿ ಕೋಸ್ಟರಿಕಾಗೆ 0-1 ಸೋತಿದ್ದೂ ಇವರೇ. ಕ್ರೊಯೇಷ್ಯಾ ವಿರುದ್ಧದ ಶೂಟೌಟ್‌ನಲ್ಲಿ ಪೆನಾಲ್ಟಿ ಯಾರು ಹೊಡೆಯುತ್ತೀರಿ ಅಂತ ಆಟಗಾರರಿಗೇ ಬಿಟ್ಟರು, ನಾಲ್ಕರಲ್ಲಿ ಮೂರು ಕೀಪರ್ ಕೈಗೆ ಹೋಯಿತು. 2024ರ ಫೆಬ್ರವರಿಯಲ್ಲಿ ಇರಾನ್ ವಿರುದ್ಧ ಏಷ್ಯಾ ಕಪ್ ಕ್ವಾರ್ಟರ್‌ಫೈನಲ್ ಇನ್ನೂ ಕೆಟ್ಟದ್ದು. ಇರಾನ್ ಉದ್ದ ಚೆಂಡು ಎಸೆಯುತ್ತಲೇ ಇತ್ತು, ಹಳದಿ ಕಾರ್ಡ್ ಇದ್ದ ಇತಾಕುರಾ ಒದ್ದಾಡುತ್ತಿದ್ದ. ಮೂರನೇ ಸ್ಟಾಪರನ್ನು ಇಳಿಸಲೇ ಇಲ್ಲ. 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ ಇತಾಕುರಾನ ಫೌಲಿಗೆ ಪೆನಾಲ್ಟಿ, 1-2. ಮದ್ದು ತಾನೇ ಕಂಡುಹಿಡಿದು ಕುಡಿಯಲು ಮರೆತ ಹಾಗೆ.

ಆದರೆ ಆ ಮೇಲೆ ಕಲಿತರು ಅನ್ನುವುದನ್ನೂ ಹೇಳಬೇಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚೀನಾವನ್ನು 7-0 ಸೋಲಿಸಿದಾಗ ಮೊದಲ ನಿಮಿಷದಿಂದಲೇ 3-4-2-1, ವಿಂಗ್‌ಬ್ಯಾಕ್ ಆಗಿ ಮಿತೊಮಾ, ದೊಆನ್. ಇಬ್ಬರೂ ಮುಂದಾಳುಗಳು. ಕಾಳಿಕಡವು ಅವರೇ, ಇದನ್ನು ಮಾತ್ರ ನಕಲು ಮಾಡಬೇಡಿ. ಓಡಬಲ್ಲ ಸೈಡ್‌ಬ್ಯಾಕನ್ನೇ ವಿಂಗ್‌ಬ್ಯಾಕ್ ಮಾಡಿ.

ಕಾಳಿಕಡವು (ಕಾರವಾರ):
ಹಗ್ಗ ನಾಳೆಯೇ ತರಿಸುತ್ತೇವೆ. ಒಂದು ತೊಡಕು: ಎತ್ತರದ ಸ್ಟಾಪರ್ ಇಬ್ಬರೇ. ಮೂರನೆಯವನು?

ಯಾಣದಬಂಡೆ (ಶಿರಸಿ):
ಎತ್ತರದವರಲ್ಲಿ ಒಬ್ಬ ನಡುವೆ, ಇನ್ನೊಬ್ಬ ಎದುರಾಳಿಯ ಬಲವಾದ ಬದಿಗೆ. ಮೂರನೇ ಜಾಗಕ್ಕೆ ನಿಮ್ಮ ನಿಧಾನದ ಸೈಡ್‌ಬ್ಯಾಕ್, ಪಾಸ್ ಶುದ್ಧ ಇರುವವನು. ಆ ಕಡೆ ಎತ್ತರದ ಚೆಂಡು ಬಂದರೆ ಹತ್ತಿರದ ವೊಲಾಂಟೆ ಅವನ ಹಿಂದೆ ನಿಂತು ಎರಡನೇ ಚೆಂಡು (ತಲೆಗೆ ತಾಗಿ ಕೆಳಗೆ ಬೀಳುವ ಚೆಂಡು) ಹೆಕ್ಕಬೇಕು. ಹಾಗೆಯೇ ಮೀಸಲಿನ ಐದರಲ್ಲಿ ಇಬ್ಬರು ವಿಂಗ್‌ಬ್ಯಾಕೇ ಇರಲಿ. ಆ ಜಾಗದವರು 60ನೇ ನಿಮಿಷಕ್ಕೆ ಸುಸ್ತಾಗುತ್ತಾರೆ. ಟೂರ್ನಿಯಲ್ಲಿ ಎಷ್ಟು ಸಬ್‌ಸ್ಟಿಟ್ಯೂಟ್ ಬಿಡುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ, ಮೂರೇ ಅಂದರೆ ಹಾಫ್‌ಟೈಮ್‌ಗೆ ಒಂದಕ್ಕಿಂತ ಹೆಚ್ಚು ಮುಗಿಸಬೇಡಿ.