ಕಾಲಿನ ಗಿಣ್ಣು ನೋವಿಗೆ ಸ್ಕ್ಯಾನ್ ನೋಡಿಕೊಂಡು ಇಂಜೆಕ್ಷನ್: ಹಾಕಿಸಿಕೊಂಡವರು ಇದ್ದೀರಾ?

ತೋಟದಾಕೆ, ತೀರ್ಥಹಳ್ಳಿ ಕಡೆ
ಆಷಾಢದಲ್ಲಿ ತೋಟದ ಸಂಕ (ಕಾಲುಸೇತುವೆ) ದಾಟುವಾಗ ಜಾರಿದೆ. ಒಂಟಿ ಅಡಿಕೆ ಮರದ ಸಂಕ, ಮೇಲೆಲ್ಲ ಪಾಚಿ. ಬಲಪಾದ ಒಳಕ್ಕೆ ಹೊರಳಿ ಹೊರಗಿನ ಗಿಣ್ಣು ನಿಂಬೆಹಣ್ಣಿನಷ್ಟು ಊದಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಅಂದರು. ಕಟ್ಟು ಹಾಕಿಸಿ, ಎಣ್ಣೆ ತಿಕ್ಕಿ, ಮಾತ್ರೆ ನುಂಗಿ 4 ತಿಂಗಳಾಯಿತು. ಸಮ ನೆಲದಲ್ಲಿ ತೊಂದರೆ ಇಲ್ಲ. ಧರೆ (ಇಳಿಜಾರು) ಇಳಿಯುವಾಗ ಮಾತ್ರ ಗಿಣ್ಣಿನ ಹಿಂದೆ ಮುಳ್ಳು ಮುರಿದ ಹಾಗೆ. ನಮ್ಮ ಕಡೆ ಸಮ ನೆಲ ಅಂದರೆ ಅಂಗಳ ಒಂದೇ, ಅಲ್ವಾ?

ಶಿವಮೊಗ್ಗದ ಡಾಕ್ಟರು ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಸ್ಟೀರಾಯ್ಡ್ (ಊತ, ನೋವು ಇಳಿಸುವ ಔಷಧಿ) ಇಂಜೆಕ್ಷನ್ ಕೊಡೋಣ ಅಂತಾರೆ. ನನಗೆ ಶುಗರ್ ಇದೆ. ಅಡಿಕೆ ಕೊಯ್ಲು ಬಂತು. ಎರಡು ದಿನಕ್ಕೆ ತೋಟಕ್ಕೆ ಇಳಿಯಬಹುದಾ?

ಸಾಗರದ ಮೇಷ್ಟ್ರು
ಅಕ್ಕಾ, ನಾನು ಹಾಕಿಸಿಕೊಂಡಿದ್ದೇನೆ. ತಣ್ಣನೆ ಜೆಲ್ ಹಚ್ಚಿ ಪ್ರೋಬ್ (ಸ್ಕ್ಯಾನ್ ಮಾಡುವ ಹಿಡಿ) ಇಟ್ಟರು. ಪರದೆಯಲ್ಲಿ ಸೂಜಿ ಬಿಳಿ ಗೆರೆಯ ಹಾಗೆ ಒಳಗೆ ಹೋಗೋದು ಕಾಣುತ್ತೆ. ತುದಿ ಎಲ್ಲಿದೆ ಅಂತ ನೋಡಿಯೇ ಔಷಧಿ ಬಿಡೋದು. ಎಕ್ಸ್‌ರೇ ಥರ ವಿಕಿರಣ ಇಲ್ಲ. ಮರಗಟ್ಟಿಸುವ ಔಷಧಿಯೂ ಸೇರಿತ್ತು, ಬಸ್ಸು ಹತ್ತುವಾಗ ನೋವೇ ಇಲ್ಲ. ಗುಣವಾಯ್ತು ಅಂತ ಬಸ್‌ಸ್ಟ್ಯಾಂಡಿನಿಂದಲೇ ಎಲ್ಲರಿಗೂ ಫೋನ್ ಮಾಡಿಬಿಟ್ಟೆ. ರಾತ್ರಿ ಗೊತ್ತಾಯಿತು! ಎರಡು ದಿನ ಮೊದಲಿಗಿಂತ ಜಾಸ್ತಿ ನೋವು. ಆಮೇಲೆ ನಿಧಾನಕ್ಕೆ ಇಳಿಯಿತು.

ಕೊಪ್ಪದವ
ಸುಮ್ನೆ ದುಡ್ಡು ಮಾರಾಯ್ರೇ. ಸೂಜಿ ಚುಚ್ಚೋಕೆ ಟಿವಿ ಯಾಕೆ?

ಫಿಸಿಯೋ ಹುಡುಗಿ, ಶಿವಮೊಗ್ಗ
ಅಣ್ಣಾ, ಆ ಗಿಣ್ಣಿನ ಹಿಂದೆ ಎರಡು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಒಂದೇ ಕವಚದೊಳಗೆ ಇಳಿಯುತ್ತವೆ. ಹತ್ತಿರದಲ್ಲೇ ನರ. ನೋವು ಅಲ್ಲಿಯದೇ ಆದರೆ ಔಷಧಿ ಕವಚದೊಳಗೆ ಹೋಗಬೇಕು, ಟೆಂಡನ್ ಒಳಗಲ್ಲ. ಸ್ಟೀರಾಯ್ಡ್ ಟೆಂಡನ್‌ಗೇ ಹೋದರೆ ಅದು ಸೋತು ಹರಿಯಬಹುದು. ಟಿವಿ ಅದಕ್ಕೇ.

ಅಕ್ಕಾ, ಶುಗರ್ ಕೆಲವು ದಿನ ಏರುತ್ತೆ, ಮನೆಯಲ್ಲೇ ನೋಡಿಕೊಳ್ಳುತ್ತಿರಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಕಾಲು ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಕಾಯಬೇಡಿ, ತಕ್ಷಣ ಹೋಗಿ. ನೋವಿಲ್ಲ ಅಂತ ಎರಡೇ ದಿನಕ್ಕೆ ಸಂಕ ಹತ್ತಬೇಡಿ. ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲೋದನ್ನು ಕಲಿಯಿರಿ. ಬಲ ಬಾರದ ಕಾಲು ಮತ್ತೆ ಅಲ್ಲೇ ಉಳುಕುತ್ತೆ.

ತೋಟದಾಕೆ
ಈಗಷ್ಟೇ ಜಗಲಿ ಕಂಬ ಹಿಡಿದು ನಿಂತು ನೋಡಿದೆ. ಎಡಗಾಲಲ್ಲಿ 30 ಎಣಿಸಿದೆ. ಬಲಗಾಲಲ್ಲಿ 8ಕ್ಕೇ ವಾಲಿದೆ. ಈ ಸಲ ಫಸಲು ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡುತ್ತೇನೆ. ಸಂಕಕ್ಕೆ ಇನ್ನೊಂದು ಮರ ನಿನ್ನೆ ಹಾಕಿಸಿಯಾಯಿತು.